ಮಠಪತಿ ಸಾಹೇಬರೂ ತೇಪೆ ಹಾಕಿದ ಬಂದೂಕೂ

ಹರಾಜಿಗೆ ನಮ್ಮ ಕಡೆ ಸವಾಲು ಎನ್ನುತ್ತೇವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಮಾರುಕಟ್ಟೆ ಅಂಗಳಗಳಲ್ಲಿ ಸವಾಲು ನಡೆಸಿದ ಅಧಿಕಾರಿಗಳು ಬಹಳ ಮಂದಿ ಬಂದು ಹೋಗಿದ್ದಾರೆ. ಅವರಲ್ಲಿ ಕೆಲವರು ಶ್ರೀ ಚನ್ನಬಸಯ್ಯ ಮಠಪತಿಯವರಿಗಿಂತ ಹೆಚ್ಚು ಓದಿದವರು, ಹೆಚ್ಚು ದೊಡ್ಡ ಕುರ್ಚಿಗೆ ಏರಿದವರು. ಆದರೆ ಕೂಗಿದ ಬೆಲೆಗಳಲ್ಲಿ ಯಾವುದು ನಿಜವಾಗಿ ಕೊಳ್ಳುವವನದು, ಯಾವುದು ಮಾರುವವನೇ ಇನ್ನೊಬ್ಬನ ಬಾಯಿಂದ ಹೇಳಿಸಿದ್ದು ಎಂಬುದನ್ನು ನಿಂತ ನಿಲುವಿನಲ್ಲಿ ಬೇರ್ಪಡಿಸಬಲ್ಲವರನ್ನು ಮೂವತ್ತೈದು ವರ್ಷಗಳಲ್ಲಿ ನಾನು ಕಂಡದ್ದು ಅವರೊಬ್ಬರನ್ನೇ. ಕಳೆದ ತಿಂಗಳ ಕೊನೆಯ ದಿನ ಅವರು ಸೇವೆಯಿಂದ ನಿವೃತ್ತರಾದರು. ಅವರ ಪಕ್ಕದಲ್ಲಿ ನಿಂತು ಬೆಲೆ ಕೂಗುವುದು ನನ್ನ ಕೆಲಸವಾಗಿತ್ತು. ಅವರ ಈ ಅಭಿನಂದನ ಗ್ರಂಥದಲ್ಲಿ ವಿದ್ವಾಂಸರು ಬರೆದ ಲೇಖನಗಳ ನಡುವೆ ನನ್ನದೂ ಒಂದು ಇರಲಿ ಎಂದು ಸಮಿತಿಯವರು ಕೇಳಿದ್ದಕ್ಕೆ ಅದೊಂದೇ ಕಾರಣ ಎಂದು ತಿಳಿದು, ಕಂಡದ್ದನ್ನು ಕಂಡಂತೆ ಬರೆಯುತ್ತೇನೆ.

ಸಾಹೇಬರು ಸೇವೆಗೆ ಸೇರಿದ್ದು ಇಂಡಿಯ ಲಿಂಬೆಹಣ್ಣಿನ ಅಂಗಳದಲ್ಲಿ. ಕಚೇರಿಯವರು ಅವರನ್ನು ಸಾಹೇಬರೆಂದರೂ ಅಂಗಳದ ಹಮಾಲರು, ರೈತರು, ಖರೀದಿದಾರರು ಎಲ್ಲರೂ ಕರೆಯುತ್ತಿದ್ದುದು ಅಯ್ಯಾರ ಎಂದೇ. ನಾನು ದಿನಗೂಲಿಯ ಮೇಲೆ ಕೂಗಲು ಬಂದ ಮೊದಲ ವಾರ. ಅಂಗಳದ ಹೊರಗಿನ ಒಂದು ಚಹಾದಂಗಡಿಯಲ್ಲಿ ನಮ್ಮ ಕೇರಿಯವರಿಗೆಂದು ಗೋಡೆಯ ಗೂಟಕ್ಕೆ ಎರಡು ಕಪ್ಪು ಬೇರೆ ತೂಗುಹಾಕಿದ್ದರು. ಒಂದು ಬೆಳಿಗ್ಗೆ ಸಾಹೇಬರು ನನ್ನ ಜೊತೆ ಬಂದು, ನಾನು ಗೂಟದಿಂದ ಒಂದು ಕಪ್ಪು ತೆಗೆದುಕೊಂಡ ಕೂಡಲೇ ತಾವು ಇನ್ನೊಂದನ್ನು ತೆಗೆದುಕೊಂಡು ತೊಳೆದು ಮುಂದೆ ಹಿಡಿದರು. ಅಂಗಡಿಯವನು ಕಿಟಲಿ ಕೆಳಗಿಟ್ಟ.

“ಅಯ್ಯಾರ, ಅದು ನಿಮಗಲ್ಲರಿ...”

“ಯಾಕೋ, ತೂತ ಬಿದ್ದೈತೇನು?”

“ಇಲ್ಲರಿ.”

“ಹಂಗಾರ ಹಾಕು. ನನಗ ದಿನಾ ಇದರಾಗ ಹಾಕು.”

ಎಂಟು ದಿನ ಹಾಗೆಯೇ ನಡೆಯಿತು. ಒಂಬತ್ತನೆಯ ದಿನ ಗೂಟ ಖಾಲಿ ಇತ್ತು, ಕಪ್ಪುಗಳೆಲ್ಲ ಒಂದೇ ತಟ್ಟೆಯಲ್ಲಿದ್ದವು. ಆ ಬಗ್ಗೆ ಸಾಹೇಬರು ಯಾವ ಸಭೆಯಲ್ಲೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಈ ಮಾತನ್ನು ಇಲ್ಲಿ ಬರೆದದ್ದಕ್ಕೆ ಅವರು ಸಿಟ್ಟಾದಾರು, ಆಗಲಿ.

ಅವರು ಸವಾಲು ನಡೆಸುತ್ತಿದ್ದ ರೀತಿಯನ್ನು ತಿಳಿಸಲು ಎರಡು ಪ್ರಸಂಗ ಸಾಕು. ಯಾರು ಯಾರೆಂದು ಹೆಸರು ಬರೆಯುವುದಿಲ್ಲ, ಏಕೆಂದರೆ ಆ ವ್ಯಾಪಾರಿಗಳ ಮಕ್ಕಳು ಇಂದು ನೆಟ್ಟಗೆ ವ್ಯಾಪಾರ ಮಾಡಿಕೊಂಡಿದ್ದಾರೆ. ಒಮ್ಮೆ ತೊಗರಿಯ ಸವಾಲಿನಲ್ಲಿ ಹೊಸಬನೊಬ್ಬ ಬೆಲೆ ಏರಿಸುತ್ತಲೇ ಇದ್ದ. ನಾನು ಉತ್ಸಾಹದಿಂದ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಸಾಹೇಬರು ನನ್ನ ಭುಜ ಮುಟ್ಟಿ ನಿಲ್ಲಿಸಿ, ಆ ಮನುಷ್ಯನ ಹತ್ತಿರ ಹೋಗಿ, “ಸಾವಕಾರ್ರ, ಒಂದೀಟು ಕೈ ತೋರಸ್ರಿ” ಎಂದರು. ಆತ ಕೈ ತೋರಿಸಿದ. ಉಳಿದ ಖರೀದಿದಾರರ ಕೈಗಳೆಲ್ಲ ಚೀಲಕ್ಕೆ ಕೈಯಿಕ್ಕಿ, ಕಾಳು ಉಜ್ಜಿ, ಮೂಸಿ ನೋಡಿ ತೊಗರಿಯ ಧೂಳಿನಿಂದ ಮಾಸಿದ್ದವು. ಇವನ ಕೈ ಈಗಷ್ಟೇ ಸಾಬೂನು ಹಚ್ಚಿ ತೊಳೆದಂತಿತ್ತು. “ಮಾಲು ಮುಟ್ಟದಾಂವ ಕೊಳ್ಳಾಂವ ಅಲ್ಲ” ಎಂದು ಸಾಹೇಬರು ಮೆಲ್ಲಗೆ ಹೇಳಿ, ಅವನ ಹೆಸರು ಬಿಟ್ಟು ಸವಾಲನ್ನು ಮೊದಲಿನಿಂದ ನಡೆಸಿದರು. ಮಾಲಿನ ಒಡೆಯ ತನ್ನದೇ ಮಾಲಿಗೆ ಬೆಲೆ ಏರಿಸಲು ಭಾವಮೈದುನನನ್ನು ಕರೆತಂದಿದ್ದನೆಂದು ಸಂಜೆಗೆ ಗೊತ್ತಾಯಿತು.

ಇನ್ನೊಂದು ಇದಕ್ಕೆ ತಿರುವುಮುರುವು. ಲಿಂಬೆಯ ಖರೀದಿದಾರರು ಬೆಳಿಗ್ಗೆಯೇ ಒಳಒಪ್ಪಂದ ಮಾಡಿಕೊಂಡು, ಈ ಸಾಲಿನ ರಾಶಿ ನಿನಗೆ, ಆ ಸಾಲಿನದು ನನಗೆ, ಒಬ್ಬರ ರಾಶಿಗೆ ಇನ್ನೊಬ್ಬರು ಬಾಯಿ ತೆರೆಯಬಾರದು ಎಂದು ಹಂಚಿಕೊಂಡಿದ್ದರು. ಬೆಲೆ ಏಳಲೇ ಇಲ್ಲ. ಸಾಹೇಬರು ಯಾರನ್ನೂ ಬೈಯಲಿಲ್ಲ. ಎಲ್ಲರಿಗೂ ಚಹಾ ಹೇಳಿ, ಚಹಾ ಕುಡಿಯುವ ಹೊತ್ತಿನಲ್ಲಿ ಹಮಾಲರಿಂದ ರಾಶಿಯ ಚೀಟಿಗಳನ್ನು ಅದಲು ಬದಲು ಮಾಡಿಸಿ, ಕೊನೆಯ ರಾಶಿಯಿಂದ ಸವಾಲು ಶುರು ಮಾಡಿದರು. ತನ್ನ ರಾಶಿ ಯಾವುದೆಂದು ಯಾರಿಗೂ ತಿಳಿಯದೆ ಅರ್ಧ ಗಂಟೆಯಲ್ಲಿ ಒಪ್ಪಂದ ಮುರಿದು ಬಿತ್ತು. ಅಂದು ರೈತರು ನಗುತ್ತ ಮನೆಗೆ ಹೋದರು. “ಬೆಲಿ ಏರಸಾಕ ಸುಳ್ಳ ಕೂಗೂದು ಹೆಂಗ ಕಳವೋ, ಬೆಲಿ ಇಳಸಾಕ ಸುಮ್ಮನ ಕೂಡೂದೂ ಹಂಗ ಕಳವು, ಭೀಮು” ಎಂದು ಅವರು ಅಂದು ಹೇಳಿದ ಮಾತು ಮುಂದೆ ಬರುವ ಸಂಗತಿಗೆ ಬೇಕಾಗುತ್ತದೆ.

ಸಿಂದಗಿ, ಮುದ್ದೇಬಿಹಾಳಗಳಲ್ಲಿ ಕೆಲಸ ಮಾಡಿ ಸಾಹೇಬರು ಬಸವನ ಬಾಗೇವಾಡಿಗೆ ವರ್ಗವಾಗಿ ಬಂದಾಗ, ಅಲ್ಲಿಯ ಅಂಗಳದಲ್ಲಿ ಶಮಶುದ್ದೀನ ಎಂಬ ಮಾಜಿ ಸೈನಿಕರು ಕಾವಲುಗಾರರಾಗಿದ್ದರು. ಊರು ಹೂವಿನ ಹಿಪ್ಪರಗಿ. ನಾವೆಲ್ಲ ಅವರನ್ನು ಹವಾಲ್ದಾರ ಎನ್ನುತ್ತಿದ್ದೆವು. ಅರವತ್ತೈದರ ಯುದ್ಧದಲ್ಲಿ ಅವರ ಎಡಗೈಯ ಕೊನೆಯ ಎರಡು ಬೆರಳು ಹೋಗಿದ್ದವು. ಸಿಡಿಗುಂಡಿನ ಚೂರೊಂದು ಬೆರಳುಗಳನ್ನು ಒಯ್ದು, ಅವರು ಹಿಡಿದಿದ್ದ ಬಂದೂಕಿನ ನಳಿಗೆಯ ಕೆಳಗಿನ ಕಟ್ಟಿಗೆಗೆ ನಾಟಿಕೊಂಡಿತ್ತಂತೆ. “ನನ್ನ ಎರಡು ಬೆರಳು ಆ ಬಂದೂಕದಾಗ ನೌಕರಿ ಮಾಡಾಕತ್ತಾವು, ಮೂರು ಇಲ್ಲಿ” ಎನ್ನುವುದು ಅವರ ನಗೆಮಾತು. ದನದ ಸಂತೆಯಲ್ಲಿ ಇಬ್ಬರು ಕೈಯ ಮೇಲೆ ಟವೆಲ್ಲು ಮುಚ್ಚಿಕೊಂಡು ಬೆರಳು ಹಿಡಿದು ಬೆಲೆ ಮಾತಾಡುವುದು ಹಳೆಯ ಪದ್ಧತಿಯಲ್ಲವೇ. ಹವಾಲ್ದಾರರು ಎಡಗೈ ಚಾಚಿ, “ನನ್ನ ಕೂಡ ವ್ಯವಹಾರ ಮಾಡಿದ್ರ ನಿಮಗ ಲಾಭ ನೋಡ್ರಿ, ಐದು ಅನ್ನಾಕ ಹೋದ್ರ ಮೂರ ಆಗತೈತಿ” ಎಂದು ಎತ್ತಿನ ವ್ಯಾಪಾರಿಗಳನ್ನು ನಗಿಸುತ್ತಿದ್ದರು. ಈ ಮಾತುಗಳನ್ನು ಸಾಹೇಬರೂ ನಾನೂ ಚಹಾದ ಜೊತೆ ನಲವತ್ತು ಸಲವಾದರೂ ಕೇಳಿದ್ದೇವೆ. ಅವರ ಮೊಣಕಾಲು ಕೆಟ್ಟಾಗ ಅಂಗಳ ಸುತ್ತುವ ಕೆಲಸವನ್ನು ಸಾಹೇಬರು ಬೇರೆಯವರಿಗೆ ವಹಿಸಿ, ಹವಾಲ್ದಾರರಿಗೆ ಗೇಟಿನ ಹತ್ತಿರ ಒಂದು ಬೆತ್ತದ ಕುರ್ಚಿ ಹಾಕಿಸಿಕೊಟ್ಟಿದ್ದರು. ಅದು ಮನೆಯಿಂದ ತಂದ ಕುರ್ಚಿ, ಕಚೇರಿಯದಲ್ಲ. ಹವಾಲ್ದಾರರು ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಮೊದಲು ಕಾಣುವುದು ಗೇಟಿನ ಬೇವಿನ ನೆರಳು, ಆ ಕುರ್ಚಿ, ಮೂರು ಬೆರಳಲ್ಲಿ ಹಿಡಿದ ಚಹಾದ ಬಸಿ.

ಆಮೇಲೆ ಕಾಲ ಬದಲಾಯಿತು. ಸವಾಲು ಕಂಪ್ಯೂಟರಿಗೆ ಹೋಯಿತು. ಖರೀದಿದಾರರು ತಮ್ಮ ತಮ್ಮ ಅಂಗಡಿಯಲ್ಲಿ ಕುಳಿತು ಬೆಲೆ ಹಾಕತೊಡಗಿದರು. ನನ್ನ ಗಂಟಲಿಗೆ ಕೆಲಸ ಇಲ್ಲದಾಯಿತು. ನನ್ನನ್ನು ಮನೆಗೆ ಕಳಿಸುವ ಮಾತು ಬಂದಾಗ ಸಾಹೇಬರು ಮೇಲಿನವರಿಗೆ, “ಭೀಮು ಕೂಗೂದಕ್ಕಿಂತ ಕೇಳೂದು ಚಲೋ ಮಾಡ್ತಾನ” ಎಂದು ಹೇಳಿ ದಾಖಲೆ ವಿಭಾಗದಲ್ಲಿ ಹಾಕಿಸಿಕೊಂಡರು. ಹೀಗೆ ನಾವಿಬ್ಬರೂ ಮತ್ತೆ ಇಂಡಿಗೆ ಬಂದೆವು.

ಈಗ ಬಂದೂಕಿನ ಸಂಗತಿ. ಹೋದ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ತಾಂಬಾದ ಮಾಜಿ ಸೈನಿಕರ ಸಂಘದ ಅಧ್ಯಕ್ಷರಾದ ಸುಬೇದಾರ ಮಾನಪ್ಪನವರು ಕಚೇರಿಗೆ ಬಂದರು. ಊರಲ್ಲಿ ಸೈನಿಕರ ನೆನಪಿಗೆ ಒಂದು ಭವನ ಕಟ್ಟಿದ್ದರು. ಅದರಲ್ಲಿ ಹಳೆಯ ಕಾಲದ ಒಂದು ಮಿಲಿಟರಿ ಬಂದೂಕನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕೆಂದು ಅನುಮತಿಯನ್ನೂ ಪಡೆದಿದ್ದರು. ಗುಂಡು ಹಾರದಂತೆ ನಳಿಗೆ ಮುಚ್ಚಿ, ಕಾಗದಪತ್ರ ಮಾಡಿಸಿದ ಅಂಥ ಹಳೆಯ ಬಂದೂಕುಗಳನ್ನು ಸಂಗ್ರಹಕಾರರಿಗೆ ಸವಾಲಿನಲ್ಲಿ ಮಾರುವ ಜಾಲತಾಣವೊಂದಿತ್ತು. ಅದರ ಸವಾಲು ಹತ್ತು ದಿನ ನಡೆಯುತ್ತದೆ. ಬೆಲೆ ಹಾಕಿದವರ ಹೆಸರು ಕಾಣುವುದಿಲ್ಲ, ನಂಬರು ಮಾತ್ರ ಕಾಣುತ್ತದೆ. ಸಂಘದವರು ಒಂದು ತ್ರೀ-ನಾಟ್-ತ್ರೀ ಬಂದೂಕನ್ನು ಆರಿಸಿ, ಅದರ ಮೇಲೆ ಒತ್ತಿದ ಅಚ್ಚಿನ ನಂಬರು ಕಾಣುವ ಫೋಟೋಗಳನ್ನು ಜಿಲ್ಲೆಯ ಸೈನಿಕ ಕುಟುಂಬಗಳ ವಾಟ್ಸಾಪ್ ಬಳಗಕ್ಕೂ ಹಾಕಿದ್ದರು. ಅದರ ಕಟ್ಟಿಗೆಗೆ ಒಂದು ತೇಪೆ ಇದ್ದುದರಿಂದ ಬೆಲೆ ಕಡಿಮೆ ಇರಬಹುದೆಂಬುದು ಅವರ ಲೆಕ್ಕ.

“ಅಯ್ಯಾರ, ನಾ ಒಂದ ಹೆಜ್ಜಿ ಇಟ್ರ ಯಾಂವೋ ಒಬ್ಬಾಂವ ತಟ್ಟನ ಎರಡು ಹೆಜ್ಜಿ ಇಡತಾನ” ಎಂದು ಸುಬೇದಾರರು ಫೋನು ಮುಂದಿಟ್ಟರು. “ಯುದ್ಧದಾಗೂ ಇಷ್ಟ ಬೆನ್ನ ಹತ್ತಿರಲಿಲ್ಲ ನನಗ ಯಾರೂ.”

ಸಾಹೇಬರು ಫೋಟೋ ನೋಡಿದರು. “ತೇಪೆ ಬಿದ್ದದ್ದು. ಒಡಕು ಮಾಲು. ಇದಕ್ಕ ಇಷ್ಟ ಜಗ್ಗಾಟ ಯಾಕ?” ಎಂದರು. ಈ ಮಾತನ್ನೂ ಓದುಗರು ನೆನಪಿನಲ್ಲಿಡಬೇಕು.

ಮುಖವಿಲ್ಲದ, ಕೈ ಕಾಣದ ಆ ಸವಾಲನ್ನು ಅವರು ಓದಿದ ರೀತಿ ನೋಡಬೇಕಾಗಿತ್ತು. “ಮಾರಿ ಕಾಣಲಿಲ್ಲಂದ್ರ ಹೊತ್ತು ನೋಡೂನು, ಭೀಮು” ಎಂದು ಒಂದು ಹಾಳೆಯಲ್ಲಿ ಮೂರು ಕಾಲಂ ಗೆರೆ ಎಳೆಸಿದರು: ಎಷ್ಟು ಹೊತ್ತಿಗೆ, ಯಾವ ನಂಬರು, ಎಷ್ಟು ಏರಿಕೆ. ಮೂರು ದಿನ ಕಚೇರಿಯ ಕೆಲಸ ಮುಗಿದ ಮೇಲೆ ನಾನು ಬರೆದೆ, ಅವರು ನೋಡಿದರು. ಹದಿನೇಳನೆಯ ನಂಬರಿನವನು ಸುಬೇದಾರರು ಬೆಲೆ ಹಾಕಿದ ಎರಡು ನಿಮಿಷದೊಳಗೆ ಏರಿಸುತ್ತಿದ್ದ. ಸುಬೇದಾರರು ಸುಮ್ಮನಿದ್ದರೆ ತಾನೂ ಸುಮ್ಮನಿರುತ್ತಿದ್ದ. ಅದೇ ಮಾರಾಟಗಾರನ ಉಳಿದ ಎರಡು ಬಂದೂಕುಗಳಿಗೂ ಅವನೇ ಹಾಗೆ ಬೆನ್ನು ಹತ್ತಿದ್ದ. ಬೇರೆ ಮಾರಾಟಗಾರರ ಮಾಲಿಗೆ ಒಮ್ಮೆಯೂ ಹೋಗಿರಲಿಲ್ಲ. ಹಳೆಯ ಸವಾಲುಗಳನ್ನು ತಿರುವಿ ಹಾಕಿದಾಗ ಇನ್ನೊಂದು ಸಿಕ್ಕಿತು. ದೀಪಾವಳಿಯ ಮುಂದೆ ಇವನೇ ಗೆದ್ದ ಬಂದೂಕು, ಅದೇ ಅಚ್ಚಿನ ನಂಬರಿನದು, ಮೂರು ವಾರದಲ್ಲಿ ಅದೇ ಮಾರಾಟಗಾರನ ಹೆಸರಲ್ಲಿ ಮತ್ತೆ ಸವಾಲಿಗೆ ಬಂದಿತ್ತು.

“ಖರೇ ಗಿರಾಕಿ ಹಿಂದ ಸರದಿದ್ದಾನ, ಇಂವ ಜಿಗದು ತಾನ ಗೆದ್ದು ಕುಂತಾನ” ಎಂದು ಸಾಹೇಬರು ನಕ್ಕರು. “ಸಂತಿಯೊಳಗ ಮಾರಿದ ಎತ್ತು ಮುಂದಿನ ವಾರ ಅದ ಹಗ್ಗದಾಗ ವಾಪಸ್ ಬಂದಂಗ ಆತು.”

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹಾಳೆಯಲ್ಲಿ ಇನ್ನೊಂದು ನಂಬರಿತ್ತು, ಇಪ್ಪತ್ತಮೂರು. ಖಾತೆ ಹೊಸದು. ಈ ಒಂದು ಬಂದೂಕು ಬಿಟ್ಟು ಬೇರೆ ಯಾವುದಕ್ಕೂ ಬೆಲೆ ಹಾಕಿದ ಗುರುತಿಲ್ಲ. ದಿನಾ ಬೆಳಿಗ್ಗೆ ಆರರ ಸುಮಾರಿಗೆ ಒಂದೇ ಒಂದು ಸಲ, ಅತಿ ಸಣ್ಣ ಏರಿಕೆ. ಆ ತಾಣದಲ್ಲಿ ಕೊಳ್ಳುವವರು ಮಾಲಿನ ಬಗ್ಗೆ ಪ್ರಶ್ನೆ ಕೇಳುವ ಪುಟವಿದೆ. ನಳಿಗೆ ಹೇಗಿದೆ, ಗುಂಡು ತುಂಬುವ ಕೀಲಿನ ನಂಬರು ನಳಿಗೆಯ ನಂಬರಿಗೆ ಹೊಂದುತ್ತದೆಯೇ, ತೇಪೆ ಯಾಕೆ ಬಿತ್ತು, ಇನ್ನೊಂದು ಫೋಟೋ ಕಳಿಸಿ ಎಂದು ಉಳಿದ ಸಂಗ್ರಹಕಾರರು ಕೇಳುತ್ತಲೇ ಇದ್ದರು. ಇಪ್ಪತ್ತಮೂರು ಒಂದೂ ಮಾತು ಕೇಳಿರಲಿಲ್ಲ. ಸಾಹೇಬರಿಗೆ ತೊಗರಿಯ ಸವಾಲಿನ ಆ ತೊಳೆದ ಕೈ ನೆನಪಾಯಿತೆಂದು ಕಾಣುತ್ತದೆ. “ಇದೂ ಮಾಲು ಮುಟ್ಟದ ಕೈ” ಎಂದರು. ಎರಡೂ ನಂಬರುಗಳನ್ನು ಹೆಸರಿಸಿ, ಹಾಳೆಯ ನಕಲು ಹಚ್ಚಿ, ಸುಬೇದಾರರ ಖಾತೆಯಿಂದ ತಾಣದವರಿಗೆ ದೂರು ಹೋಯಿತು. ಕೆಳಗೆ ಓದಿ ನೋಡಿದವರೆಂದು ಸಾಹೇಬರು ತಮ್ಮ ಹೆಸರು, ಹುದ್ದೆ, ಫೋನ್ ನಂಬರು ಬರೆದಿದ್ದರು.

ತಾಣದವರು ಪ್ರಾಮಾಣಿಕರು. ಏಳನೆಯ ದಿನ ಎರಡೂ ಖಾತೆ ಮುಚ್ಚಿ, ಅವರು ಹಾಕಿದ ಬೆಲೆಗಳನ್ನೆಲ್ಲ ತೆಗೆದುಹಾಕಿದರು. ಹದಿನೇಳನೆಯವನು ಮಾರಾಟಗಾರನ ಪಾಲುದಾರನೇ ಎಂದು ತಪಾಸಣೆಯಲ್ಲಿ ಸಿಕ್ಕಿತೆಂದೂ, ಮಾರಾಟಗಾರನನ್ನು ಹೊರಗಿಟ್ಟು ಈ ಮೂರು ಬಂದೂಕುಗಳ ಸವಾಲನ್ನು ತಮ್ಮ ಮೇಲ್ವಿಚಾರಣೆಯಲ್ಲೇ ಮುಗಿಸುವುದಾಗಿಯೂ ತಿಳಿಸಿದರು. ಸುಬೇದಾರರು ಪೇಢೆ ತಂದು ಕಚೇರಿಗೆಲ್ಲ ಹಂಚಿದರು.

ಮರುದಿನ ಮಧ್ಯಾಹ್ನ ಅವರು ಮತ್ತೆ ಬಂದರು. ಈ ಸಲ ಪೇಢೆ ಇರಲಿಲ್ಲ. ಸೈನಿಕ ಕುಟುಂಬಗಳ ಬಳಗಕ್ಕೆ ಹೂವಿನ ಹಿಪ್ಪರಗಿಯ ಸಗೀರಾ ಎಂಬ ಶಿಕ್ಷಕಿ ಒಂದು ಸಂದೇಶ ಹಾಕಿದ್ದರು: “ನಮ್ಮ ಅಜ್ಜನ ಬಂದೂಕು ಸವಾಲಿಗೆ ಬಂದಿದೆ. ನಮ್ಮ ಅಜ್ಜಿ ದಿನಾ ಬೆಳಿಗ್ಗೆ ನಮಾಜು ಮುಗಿಸಿ ನನ್ನ ಫೋನಿನಿಂದ ಬೆಲೆ ಹಾಕಿಸುತ್ತಿದ್ದರು. ನಿನ್ನೆ ಅವರ ಹೆಸರು ತೆಗೆದುಹಾಕಿದ್ದಾರೆ, ನಕಲಿ ಎಂದು ಬರೆದಿದ್ದಾರೆ. ಯಾರನ್ನು ಕೇಳಬೇಕು, ಹಿರಿಯರು ಯಾರಾದರೂ ತಿಳಿಸಿ.” ಕೆಳಗೆ ಒಂದು ಹಳೆಯ ಫೋಟೋ ಇತ್ತು. ಬೇವಿನ ನೆರಳು, ಬೆತ್ತದ ಕುರ್ಚಿ, ಮೂರು ಬೆರಳಲ್ಲಿ ಹಿಡಿದ ಬಸಿ.

ಸಾಹೇಬರು ಫೋನನ್ನು ಮೇಜಿನ ಮೇಲೆ ಇಟ್ಟರು. ನಲವತ್ತು ಸಲ ಕೇಳಿದ ಮಾತು; ಚೂರು ನಾಟಿದ್ದು ಕಟ್ಟಿಗೆಗೆ ಎಂದು ಹವಾಲ್ದಾರರು ಕೈಯಿಟ್ಟು ತೋರಿಸಿದ್ದು; ಬಂದೂಕಿನ ಫೋಟೋದಲ್ಲಿ ಅದೇ ಜಾಗದಲ್ಲಿ ತೇಪೆ. ನಮ್ಮಿಬ್ಬರ ಕಣ್ಣೂ ಅದರಲ್ಲಿ ಒಡಕು ಮಾಲನ್ನಷ್ಟೇ ಕಂಡಿತ್ತು.

“ನಡೀ ಭೀಮು” ಎಂದು ಎದ್ದರು. “ನಾಳಿಗೆ ಬಿಟ್ರ ಸವಾಲಿಗೆ ಒಂದ ದಿನ ಉಳೀತೈತಿ.”

ಹೂವಿನ ಹಿಪ್ಪರಗಿಯಲ್ಲಿ ಹವಾಲ್ದಾರರ ಹೆಂಡತಿ ಜೈತುನಬಿಯವರು ಅಂಗಳದಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಎಪ್ಪತ್ತೇಳು ವರ್ಷ, ಆದರೂ ಕಣ್ಣು ಚುರುಕು. ನೋಡಿದ ಕೂಡಲೇ ಗುರುತು ಹಿಡಿದರು.

“ಬರ್ರಿ ಅಯ್ಯಾರ. ಅವರು ಹೋಗಿ ಹದಿಮೂರು ವರ್ಷಕ್ಕ ನಿಮಗ ಈ ಮನಿ ದಾರಿ ಸಿಕ್ತಲ್ಲ! ಕುಂದರ್ರಿ. ಇಂವ ನಮ್ಮ ಕೂಗಮಾರಿ ಭೀಮು ಅಲ್ಲೇನು?”

ಸಾಹೇಬರು ಕುಳಿತುಕೊಳ್ಳಲಿಲ್ಲ. “ಮೊದಲ ತಪ್ಪ ಹೇಳತೇನಿ, ಆಮ್ಯಾಲ ಕುಂದರತೇನಿ, ಅಕ್ಕಾ. ಸವಾಲಿನಾಗ ನಿಮ್ಮ ಹೆಸರ ಕಡಸಿದಾಂವ ನಾನು.”

ಶೇಂಗಾ ಸುಲಿಯುವ ಕೈ ನಿಂತಿತು. “ನೀವಽ? ನಾ ಏನ್ ಕಳ್ಳಿ ಏನ್ರಿ ಅಯ್ಯಾರ?”

“ನೀವು ಒಂದ ಮಾತೂ ಕೇಳಲಿಲ್ಲ. ಒಂದು ಫೋಟೋ ಕೇಳಲಿಲ್ಲ. ತೇಪಿ ಯಾಕ ಬಿದ್ದೈತಿ ಅಂತ ಸೈತ ಕೇಳಲಿಲ್ಲ. ಮಾಲು ನೋಡದ ಯಾರ ಕೊಳ್ಳತಾರ ಅಂತ ನಾ ಸಂಶಯ ಪಟ್ಟೆ.”

“ನಾ ಯಾಕ ಕೇಳಲಿರಿ?” ಎಂದರು ಆ ತಾಯಿ. “ಆ ತೇಪಿ ಯಾಕ ಬಿದ್ದೈತಿ ಅಂತ ಅವರ ಬಂದು ನನ್ನ ಕೇಳಬೇಕು.”

ಸಾಹೇಬರು ಕೈ ಮುಗಿದರು.

ಜೈತುನಬಿಯವರೇ ಕರಗಿದರು. ಮೊಮ್ಮಗಳಿಗೆ ಚಹಾ ಇಡಲು ಹೇಳಿ, ಸಾಹೇಬರನ್ನು ಕೂರಿಸಿ, ಬಂದೂಕಿನ ನಂಬರನ್ನು ಬಾಯಿಪಾಠ ಹೇಳಿದರು. “ಮದುವಿ ತಾರೀಖ ಕೇಳಿದ್ರ ನಮ್ಮ ಮನಿಯವ್ರಿಗೆ ನೆನಪ ಇರತಿದ್ದಿಲ್ಲ. ಈ ನಂಬರ ಮಾತ್ರ ನಿದ್ದಿಗಣ್ಣಾಗೂ ಹೇಳತಿದ್ರು. ಅದು ಎಲ್ಲೆರ ಸಿಕ್ಕರ ಎದುರಿಗೆ ಇಟ್ಕೊಂಡು, ನಮ್ಮಿಬ್ಬರಾಗ ಯಾರ ಹೆಚ್ಚ ಮುದುಕ ಆಗೇವಿ ಅಂತ ನೋಡಬೇಕು ಅಂತಿದ್ರು. ಅವರು ನೋಡಲಿಲ್ಲ. ನಾ ನೋಡತೇನಿ.”

“ಸಂಘದವರಿಗೆ ಒಂದ ಮಾತ ಹೇಳಿದ್ರ ಆಗತಿತ್ತಲ್ಲ, ಅಕ್ಕಾ?”

“ಹೇಳಿದ್ರ ಸುಮ್ಮನ ಕೊಟ್ಟಾರು. ನಮ್ಮ ಮನಿ ಸಾಮಾನ ನಾ ಯಾಕ ದಾನ ತಗೋಬೇಕು? ಅವರ ಪಿಂಚಣಿಯೊಳಗ ಎತ್ತಿಟ್ಟದ್ದು ಐತಿ, ಅದರಾಗ ತಗೋತೇನಿ.”

ಟ್ರಂಕಿನ ತಳದಿಂದ ಒಂದು ಕಾಗದ ಹೊರಬಂತು. ಯುದ್ಧದ ಮರುವರ್ಷ, ಬಂದೂಕಿಗೆ ಆದ ಹಾನಿಯ ಬಗ್ಗೆ ಪಲ್ಟಣಿನ ಕಚೇರಿಯಲ್ಲಿ ಬರೆಸಿಕೊಂಡ ವರದಿಯ ನಕಲು. ಅದರಲ್ಲಿ ನಂಬರಿತ್ತು, ಹವಾಲ್ದಾರರ ಸಹಿ ಇತ್ತು. “ಬೆರಳ ಹೋಗಿದ್ದಕ್ಕ ಅರ್ಧಾ ಹಾಳಿ ಬರದ್ರಂತ, ಕಟ್ಟಿಗಿ ಒಡದಿದ್ದಕ್ಕ ನಾಕ ಹಾಳಿ” ಎಂದು ಆಕೆ ನಕ್ಕರು. ಸಾಹೇಬರೂ ನಕ್ಕರು, ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡರು.

ಅಲ್ಲಿಂದಲೇ ತಾಣದವರಿಗೆ ಫೋನು ಮಾಡಿದರು. ಆ ಕಡೆಯ ಅಧಿಕಾರಿ, ಮೊನ್ನೆ ನಕಲಿ ಎಂದವರೂ ನೀವೇ, ಇಂದು ಅಸಲಿ ಎನ್ನುವವರೂ ನೀವೇ, ನಿಮ್ಮ ಯಾವ ಮಾತನ್ನು ನಂಬಬೇಕು ಎಂದು ಕೇಳಿದರಂತೆ. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಸಾಹೇಬರು ತಮ್ಮ ಕೈಯಾರೆ ಒಂದು ಪತ್ರ ಬರೆದರು: ಹದಿನೇಳರ ಬಗ್ಗೆ ಹೇಳಿದ್ದು ಸಾಕ್ಷಿ ನೋಡಿ ಹೇಳಿದ್ದು; ಇಪ್ಪತ್ತಮೂರರ ಬಗ್ಗೆ ಹೇಳಿದ್ದು ನನ್ನ ಅಭ್ಯಾಸದ ಬಲದ ಮೇಲೆ ಹೇಳಿದ್ದು; ಅದು ತಪ್ಪು, ಆ ತಪ್ಪು ನನ್ನೊಬ್ಬನದೇ. ಪಲ್ಟಣಿನ ಕಾಗದದ ಫೋಟೋವನ್ನೂ ಅದರ ಜೊತೆ ಸಗೀರಾ ಕಳಿಸಿದಳು. ಒಂಬತ್ತನೆಯ ದಿನ ಬೆಳಿಗ್ಗೆ ಇಪ್ಪತ್ತಮೂರನೆಯ ನಂಬರು ಮತ್ತೆ ಸವಾಲಿಗೆ ಬಂತು.

ಇಲ್ಲಿಗೆ ಒಂದು ಗಂಟು ಬಿಚ್ಚಿತು, ಇನ್ನೊಂದು ಬಿತ್ತು. ಸುಬೇದಾರ ಮಾನಪ್ಪನವರು ದೊಡ್ಡ ಮನಸ್ಸಿನವರು. ಅವರು ಅಂದದ್ದು ಇಷ್ಟು: “ನಾವು ಹಿಂದ ಸರೀತೇವಿ. ಅವರು ಕಡಿಮಿ ಬೆಲಿಗೆ ತಗೋಳ್ಳಿ, ಆಮ್ಯಾಲ ಬಂದೂಕ ನಮ್ಮ ಭವನದಾಗ ಇಡಲಿ. ಇಬ್ಬರಿಗೂ ಆತಲ್ಲ?” ಜೈತುನಬಿಯವರೂ ಹ್ಞೂಂ ಎನ್ನಲು ಸಿದ್ಧರಿದ್ದರು. ಸಾಹೇಬರು ಇಬ್ಬರನ್ನೂ ತಡೆದರು.

“ನೀ ಸುಮ್ಮನಿರು, ಆಮ್ಯಾಲ ನಿನಗಿಷ್ಟು ಅನ್ನೂದನ್ನ ನಾ ಲಿಂಬಿ ಅಂಗಳದಾಗ ಹಿಡದೇನ್ರಿ, ಸುಬೇದಾರ. ನಮ್ಮವರು ಮಾಡಿದ್ರ ಅದು ಪುಣ್ಯ ಆಗಂಗಿಲ್ಲ. ಹಿಂದ ಸರೀತೀರಿ? ಸರೀರಿ. ಆದ್ರ ಏನೂ ಕೇಳದ ಸರೀರಿ. ಅಕ್ಕಾ, ನೀವೂ ಏನೂ ಕೊಡತೇನಿ ಅನಬ್ಯಾಡ್ರಿ.”

“ಭವನ ಖಾಲಿ ಉಳೀತೈತಲ್ರಿ?” ಎಂದರು ಸುಬೇದಾರರು, ದನಿ ಸ್ವಲ್ಪ ಗಡುಸಾಗಿ. ಉದ್ಘಾಟನೆಯ ಪತ್ರಿಕೆ ಅಚ್ಚಾಗಿತ್ತು. ಅವರ ಸಂಕಟ ಸುಳ್ಳಲ್ಲ.

“ಉಳೀಲಿ. ಖಾಲಿ ಪೆಟಗಿ ನೋಡಿದ್ರ ಜನ ಯಾಕ ಅಂತ ಕೇಳತಾರ. ಆಗ ಹೇಳ್ರಿ.”

ಸುಬೇದಾರರು ಎದ್ದು ತಾಂಬಾಕ್ಕೆ ಹೋದರು. ಸಂಜೆಗೆ ತಾಣದ ಪುಟದಲ್ಲಿ, ಎಲ್ಲರೂ ಓದುವಂತೆ, ತಮ್ಮ ಸಂಘ ಈ ಸವಾಲಿನಿಂದ ಹೊರಬಂದಿದೆ, ಯಾರೊಂದಿಗೂ ಒಪ್ಪಂದವಿಲ್ಲ ಎಂದು ಬರೆಸಿದರು.

ಹತ್ತನೆಯ ದಿನ ಭಾನುವಾರ, ನಾಲ್ಕು ಗಂಟೆಗೆ ಸವಾಲಿನ ಮುಕ್ತಾಯ. ಸಾಹೇಬರೂ ನಾನೂ ಹೂವಿನ ಹಿಪ್ಪರಗಿಯ ಅದೇ ಅಂಗಳದಲ್ಲಿದ್ದೆವು. ಸಂಘ ಹಿಂದೆ ಸರಿದರೇನು, ಬೇರೆ ಊರಿನ ಒಬ್ಬ ಖರೇ ಸಂಗ್ರಹಕಾರನಿದ್ದ, ಅರವತ್ತನೆಯ ನಂಬರಿನವನು. ನಳಿಗೆ, ಕೀಲು, ಪಟ್ಟಿ ಎಲ್ಲ ಕೇಳಿ ತಿಳಿದುಕೊಂಡವನು. ಕೊನೆಯ ಗಂಟೆಯಲ್ಲಿ ಅವನು ಏರಿಸಿದ, ಅಜ್ಜಿ ಏರಿಸಿದರು. ಮತ್ತೆ ಅವನು, ಮತ್ತೆ ಅಜ್ಜಿ. ಎತ್ತಿಟ್ಟ ಪಿಂಚಣಿಯ ಅಂಚು ಹತ್ತಿರ ಬಂತೆಂದು ಸಗೀರಾಳ ಮುಖವೇ ಹೇಳುತ್ತಿತ್ತು. ಅವಳು ಸಾಹೇಬರ ಕಡೆ ನೋಡಿದಳು. ಸಾಹೇಬರ ಕೈ ತಮ್ಮ ಅಂಗಿಯ ಜೇಬಿನ ಹತ್ತಿರ ಹೋದದ್ದನ್ನು ನಾನು ಕಂಡೆ; ಅಲ್ಲಿಯೇ ತಡೆದದ್ದನ್ನೂ ಕಂಡೆ. ದಾನ ಬೇಡ ಎಂದ ಮಾತು ಅವರಿಗೆ ನೆನಪಿತ್ತು.

“ಇದು ಕಡೀದು” ಎಂದರು ಜೈತುನಬಿ. “ಹಾಕು ಬೇಟಿ. ಬಂದ್ರ ಬರತೈತಿ.”

ನಾಲ್ಕಕ್ಕೆ ಇನ್ನೂ ಆರು ನಿಮಿಷವಿತ್ತು. ಅಷ್ಟು ವರ್ಷ ಸವಾಲಿನಲ್ಲಿ ಕೂಗಿದವನಿಗೆ ಆ ಆರು ನಿಮಿಷ ಸುಮ್ಮನೆ ಕೂಡುವುದು ಎಷ್ಟು ಕಷ್ಟವಾಯಿತೆಂದು ಹೇಳಲಾರೆ. ಅರವತ್ತು ಏರಿಸಲಿಲ್ಲ. ಪರದೆಯ ಮೇಲೆ ಇಪ್ಪತ್ತಮೂರರ ಮುಂದೆ ಹಸಿರು ಗುರುತು ಬಂದಾಗ ಸಗೀರಾ ಅಜ್ಜಿಯನ್ನು ಅಪ್ಪಿಕೊಂಡಳು. ಸಾಹೇಬರು ನನ್ನ ಕಡೆ ತಿರುಗಿ, “ಕೂಗಲೇ ಭೀಮು, ಒಂದ ಸಲ” ಎಂದರು. ನಾನು ಎದ್ದು ನಿಂತು, ಓಣಿಗೆಲ್ಲ ಕೇಳುವಂತೆ, “ಒಂದನೇ ಸಲ, ಎರಡನೇ ಸಲ, ಮೂರನೇ ಸಲ! ಜೈತುನಬಿ ಶಮಶುದ್ದೀನ!” ಎಂದು ಕೂಗಿದೆ. ಓಣಿಯ ನಾಯಿಗಳೆಲ್ಲ ಬೊಗಳಿದವು.

ಅರವತ್ತನೆಯವನು ಯಾಕೆ ನಿಲ್ಲಿಸಿದನೆಂದು ನಮಗೆ ಗೊತ್ತಿಲ್ಲ. ಅವನ ಅಂಚೂ ಅಲ್ಲಿಯೇ ಇತ್ತೋ ಏನೋ.

ತಾಂಬಾದ ಭವನದ ಉದ್ಘಾಟನೆ ಖಾಲಿ ಗಾಜಿನ ಪೆಟ್ಟಿಗೆಯೊಂದಿಗೇ ನಡೆಯಿತು. ಸುಬೇದಾರರು ಬಂದವರಿಗೆಲ್ಲ ಯಾಕೆ ಖಾಲಿ ಎಂದು ಹೇಳಿದರು. ಹೇಳುತ್ತ ಹೇಳುತ್ತ ಅವರಿಗೇ ಅದು ಹಿಡಿಸಿತು. ಬಂದೂಕು ಕಾಗದಪತ್ರ ಮುಗಿಸಿಕೊಂಡು ಜೈತುನಬಿಯವರ ಮನೆಗೆ ಬಂತು, ಎರಡು ತಿಂಗಳು ಅಲ್ಲಿತ್ತು. ಆಮೇಲೆ ಒಂದು ಶುಕ್ರವಾರ ಆಕೆಯೇ ಫೋನು ಮಾಡಿಸಿ, “ನಾನೂ ಅದೂ ಕೂಡಿ ನೋಡಿದ್ದಾತು. ಅದು ಅವರಕಿಂತ ಚಲೋ ಐತಿ. ಇನ್ನ ಮಂದಿ ನೋಡಲಿ” ಎಂದರಂತೆ. ಯಾರೂ ಕೇಳಿರಲಿಲ್ಲ. ತೇಪೆ ಇರುವ ಮಗ್ಗುಲು ಜನರ ಕಡೆಗೆ ಇರಬೇಕು ಎಂಬುದೊಂದೇ ಅವರ ಕರಾರು.

ಅದನ್ನು ಪೆಟ್ಟಿಗೆಯಲ್ಲಿಡುವ ದಿನ ನಾವೂ ಹೋಗಿದ್ದೆವು. ಸಾಹೇಬರು ಹಿಂದೆ, ಬಾಗಿಲ ಹತ್ತಿರ ನಿಂತಿದ್ದರು. ಜೈತುನಬಿಯವರು ತಿರುಗಿ ನೋಡಿ ಕರೆದರು: “ಬರ್ರಿ ಅಯ್ಯಾರ. ಮಾಲು ಮುಟ್ಟಿ ನೋಡ್ರಿ. ದೂರ ನಿಂತ್ರ ನಾ ನಿಮ್ಮ ಹೆಸರ ಕಡಸತೇನಿ.” ಎಲ್ಲರೂ ನಕ್ಕರು. ಸಾಹೇಬರು ಹತ್ತಿರ ಬಂದು, ತೇಪೆಯ ಮೇಲೆ ತಮ್ಮ ಎಡಗೈಯ ಕೊನೆಯ ಎರಡು ಬೆರಳುಗಳನ್ನಿಟ್ಟರು. ಗಾಜು ಮುಚ್ಚುವವರು ಕಾಯುತ್ತ ನಿಂತರು.

ಇದಾದ ಮೇಲೆ ಸುದ್ದಿ ಹರಡಿ, ಇಂಥ ಸವಾಲುಗಳಲ್ಲಿ ಸಂಶಯ ಬಂದವರು ದೂರದ ಊರುಗಳಿಂದಲೂ ಸಾಹೇಬರಿಗೆ ಪುಟಗಳನ್ನು ಕಳಿಸುತ್ತಿದ್ದಾರೆ. ನಿವೃತ್ತಿಯ ಮರುದಿನ ಅವರ ಮನೆಗೆ ಹೋದಾಗ ಶ್ರೀಮತಿ ವಿಜಯಲಕ್ಷ್ಮಿ ಅಕ್ಕನವರು, “ರಿಟೈರ್ ಆಗೇನಿ ಅಂತ ನನಗ ಹೇಳ್ಯಾರ, ಆ ಫೋನಿಗೆ ಹೇಳಿಲ್ಲ ನೋಡು” ಎಂದು ದೂರಿದರು. ಸಾಹೇಬರು ಜಗುಲಿಯಲ್ಲಿ ಕುಳಿತು ಹಾಳೆಗೆ ಗೆರೆ ಎಳೆಯುತ್ತಿದ್ದರು. ಎಷ್ಟು ಹೊತ್ತಿಗೆ, ಯಾವ ನಂಬರು, ಎಷ್ಟು ಏರಿಕೆ. ಆಮೇಲೆ ನಾಲ್ಕನೆಯ ಗೆರೆ. ಅದರ ತಲೆಯ ಮೇಲೆ ‘ಯಾಕೆ’ ಎಂದು ಬರೆದು, ಆ ಕಾಲಂ ಅನ್ನು ಉಳಿದ ಮೂರಕ್ಕಿಂತ ಅಗಲವಾಗಿ ಬಿಟ್ಟಿದ್ದರು.

ಮಠಪತಿ ಸಾಹೇಬರ ಕಣ್ಣಿಗೆ ಇನ್ನೂ ಬಹಳ ವರ್ಷ ಕನ್ನಡಕದ ನಂಬರು ಏರದಿರಲಿ, ಮೊಣಕಾಲು ಗಟ್ಟಿಯಿರಲಿ, ಅಕ್ಕನವರ ಚಹಾ ಹೊತ್ತುಹೊತ್ತಿಗೆ ಸಿಗುತ್ತಿರಲಿ. ಹಾಳೆಗಳು ಬರುತ್ತಿರಲಿ. ಆ ನಾಲ್ಕನೆಯ ಕಾಲಂ ತುಂಬಿಸಲು ಯಾವ ಊರಿಗೆ ಹೋಗಬೇಕಾದರೂ ಅವರು ಒಂದು ಕೂಗು ಕೂಗಲಿ. ಬಸ್ಸಿಗೆ ನಾನು ಮೊದಲೇ ಬಂದು ನಿಂತಿರುತ್ತೇನೆ.